ಪಾವಕಿಲೋ ಸಿಮೆಂಟು

ಮೊಳೆ ಮೂರನೆಯ ಏಟಿಗೆ ಗೋಡೆಯೊಳಗೆ ಹೋಯಿತು, ನಾಲ್ಕನೆಯ ಏಟಿಗೆ ಅಂಗೈಯಗಲದ ಗಿಲಾವನ್ನೂ ಕರೆದುಕೊಂಡು ಹೊರಗೆ ಬಂತು. ಮುರಗೆಪ್ಪ ಸುತ್ತಿಗೆ ಇಳಿಸಿ, ಕಣ್ಣಿಗೆ ಬಿದ್ದ ಪುಡಿಯನ್ನು ತೋಳಿನಿಂದ ಒರೆಸಿಕೊಂಡ. ಇದು ಐದನೆಯ ಮೊಳೆ. ಐದಕ್ಕೂ ಆ ಗೋಡೆ ಇದೇ ಮರ್ಯಾದೆ ಮಾಡಿತ್ತು.

"ಇನ್ನೊಂದ ಕಡೆ ಹೊಡಿಯಲೇ," ಎಂದರು ಯಾರೋ ಬಾಗಿಲಲ್ಲಿ ನಿಂತವರು.

"ಎಲ್ಲೆ ಹೊಡೀಲಿ? ಗ್ವಾಡಿ ತುಂಬಾ ತ್ಯಾಪೀನ ಐತಿ."

ಗೋಡೆಯ ಬುಡದಲ್ಲಿ ಜಮಖಾನೆಯ ಮೇಲೆ ಗಿರಮಲ್ಲಪ್ಪ ಮಲಗಿದ್ದ. ಅರವತ್ತೆಂಟು ವರ್ಷದ ನೇಕಾರ, ಬೆಳಗಿನ ಐದು ಗಂಟೆಗೆ ನೀರು ಕೇಳಿ, ನೀರು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಅವರಲ್ಲಿ ಸತ್ತವರನ್ನು ಮಲಗಿಸಿ ಕಳಿಸುವ ಪದ್ಧತಿಯಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಪದ್ಮಾಸನ ಹಾಕಿ ಕೂಡಿಸುತ್ತಾರೆ. ಬಗಲಿನ ಕೆಳಗಿಂದ ಒಂದು ಪಂಜೆ ತಂದು ತಲೆಯ ಮೇಲಿನ ಮೊಳೆಗೆ ಬಿಗಿಯುತ್ತಾರೆ. ಹಾಗೆ ಕೂತು, ಬಂದವರಿಗೆಲ್ಲ ಕೊನೆಯ ಮುಖ ತೋರಿಸಿ, ಸಂಜೆ ಕೂತಂತೆಯೇ ಮಣ್ಣಿಗೆ ಹೋಗಬೇಕು.

"ಲಗೂ ಮಾಡ್ರಪಾ. ಮೈ ಸೆಟದ ಮ್ಯಾಲ ಕುಂಡ್ರಸಾಕ ಬರೂದಿಲ್ಲ," ಎಂದರು ಮಠಪತಿ ಅಯ್ಯನವರು.

"ನಮ್ಮ ಮನಿ ಗ್ವಾಡಿ ಗಟ್ಟಿ ಐತಿ. ಅಲ್ಲೇ ಕುಂಡ್ರಸೂಣು," ಎಂದ ಮುರಗೆಪ್ಪ. ಪಕ್ಕದ ಮನೆಯವನು, ಗಿರಮಲ್ಲಪ್ಪನ ಜೊತೆ ಒಂದೇ ಶೆಡ್ಡಿನಲ್ಲಿ ಪಾವರ್‌ಲೂಮ್ ನಡೆಸಿದವನು.

ಮೂಲೆಯಲ್ಲಿ ಕೂತಿದ್ದ ಗಿರಮಲ್ಲಪ್ಪನ ಹೆಂಡತಿ ಗುರುಬಾಯಿ ಸೆರಗಿನಿಂದ ಮುಖ ಎತ್ತಿದಳು. ಅತ್ತು ಅತ್ತು ದನಿ ಕಟ್ಟಿತ್ತು, ಆದರೂ ಮಾತು ಹರಿತವಾಗೇ ಬಂತು. "ನಲವತ್ತ ವರ್ಸ ಈ ಗ್ವಾಡಿ ತಿದ್ದಕೋತ ಕುಂತ್ರು. ಇವತ್ತೊಂದಿನ ಮಂದಿ ಮನ್ಯಾಗ ಕುಂಡ್ರಬೇಕೇನು? ಇಲ್ಲೇ ಕುಂಡ್ರಲಿ."

"ಹಂಗಾರ ಒಂದ ಪ್ಲಾಸ್ಟಿಕ್ ಕುರ್ಚಿ…"

"ಕುರ್ಚಿ ಹಾಕಾಕ ಅವರೇನ ಲಗ್ನಕ್ಕ ಬಂದಾರೇನು?"

ಓಣಿಯ ಮಗ್ಗಗಳೆಲ್ಲ ಬಂದ್ ಆಗಿದ್ದವು. ರಬಕವಿಯಲ್ಲಿ ಹಗಲು ಹೊತ್ತು ಅಷ್ಟು ಮೌನವಾದರೆ ಕಿವಿಗೆ ಏನೋ ಕಳೆದುಕೊಂಡ ಹಾಗಾಗುತ್ತದೆ.

ದತ್ತಾತ್ರೇಯ ಹೂವಿನ ಹಾರ ಹಿಡಿದು ಹೊಸ್ತಿಲ ಹೊರಗೇ ನಿಂತಿದ್ದ. ಬನಹಟ್ಟಿ ರಸ್ತೆಯಲ್ಲಿ ಹಾರ್ಡವೇರ್ ಅಂಗಡಿ ಇಟ್ಟವನು, ಮನೆಯಲ್ಲಿ ಮರಾಠಿ, ಗಲ್ಲೆಯ ಮೇಲೆ ಕನ್ನಡ. ಊರವರ ಬಾಯಲ್ಲಿ ಪಂತರು. ಗೋಡೆಯಿಂದ ಬಿದ್ದ ಗಿಲಾವಿನ ಒಂದು ಹೆಂಟೆ ಉರುಳಿ ಅವನ ಚಪ್ಪಲಿಯ ಹತ್ತಿರ ಬಂದಿತ್ತು. ಬಗ್ಗಿ ಅದನ್ನು ಎತ್ತಿಕೊಂಡ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿದ. ಅದು ರವೆಯಂತೆ ಪುಡಿಪುಡಿಯಾಯಿತು. ದತ್ತಾತ್ರೇಯ ಸುತ್ತಲೂ ನೋಡಿ, ಕೈಯನ್ನು ಪೈಜಾಮಕ್ಕೆ ಒರೆಸಿಕೊಂಡ. ಅದು ಯಾಕೆ ಹಾಗೆ ಪುಡಿಯಾಯಿತು ಎನ್ನುವುದು ಆ ಮನೆಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ.

* * *

ಮಗ್ಗಕ್ಕೆ ಸೂಟಿಯಿದ್ದ ದಿನ ಬೆಳಿಗ್ಗೆ ಗಿರಮಲ್ಲಪ್ಪ ಅಂಗಡಿಗೆ ಬರುತ್ತಿದ್ದ. ಬಂದವನು ಗಲ್ಲೆಗೆ ಬರುತ್ತಿರಲಿಲ್ಲ. ಚೀಲಗಟ್ಟಲೆ ಒಯ್ಯುವ ಗೌಂಡಿಗಳು, ಸರಳು ಅಳೆಸುವ ಗುತ್ತಿಗೆದಾರರು ಎಲ್ಲ ಹೋಗುವತನಕ ಕಟ್ಟೆಯ ಬದಿಗೆ ನಿಂತಿರುತ್ತಿದ್ದ. ಆಮೇಲೆ ಬಗಲಿನಿಂದ ಸೀರೆಯ ಕೊನೆತುಂಡಿನಲ್ಲಿ ಹೊಲಿದ ಚೀಲ ತೆಗೆದು ಬಿಡಿಸುತ್ತಿದ್ದ.

"ಪಾವಕಿಲೋ ಸಿಮೆಂಟ್ ಕೊಡ್ರಿ, ಪಂತರ. ನಾಕ ಸ್ಕ್ರೂ. ಒಂದ ನಳದ ವಾಯಸರ."

ಸಿಮೆಂಟು ಎಂದೂ ಕಾಲು ಕಿಲೋ ದಾಟುತ್ತಿರಲಿಲ್ಲ. ಒಮ್ಮೊಮ್ಮೆ ಒಂದು ಗೇಣು ಪೈಪು. ಒಮ್ಮೆ, ಅರ್ಧ ಬಾಗಿಲಿಗೆ ಸಾಕಾಗುವಷ್ಟು ಬಣ್ಣ. ಒಂದು ಬಾಗಿಲಿಗೆ ಯಾಕೆ ಬೇಡ ಎಂದರೆ, "ಉಳಿದರ್ಧ ಮುಂದಿನ ಸಲ," ಎಂದು ನಗುತ್ತಿದ್ದ. ಮುಂದಿನ ಸಲ ಬರುವಷ್ಟರಲ್ಲಿ ಆ ಬಣ್ಣದ ಡಬ್ಬಿ ಬರುವುದೇ ನಿಂತು, ಗಿರಮಲ್ಲಪ್ಪನ ಬಾಗಿಲು ಅರ್ಧ ಹಸಿರು, ಅರ್ಧ ನೀಲಿಯಾಗಿ ಉಳಿಯಿತು. ಓಣಿಯ ಜನ ಅವನಿಗೆ ಪಾವಕಿಲೋ ಗಿರಮಲ್ಲಪ್ಪ ಎಂದು ಹೆಸರಿಟ್ಟರು. ಅವನೂ ಆ ಹೆಸರಿಗೆ ಓಗೊಡುತ್ತಿದ್ದ.

ಅಂಗಡಿಯ ಹಿಂದಿನ ಮೂಲೆಯಲ್ಲಿ ಬಿಡಿ ಗಿರಾಕಿಗಳಿಗೆಂದೇ ಬಾಯಿ ಬಿಚ್ಚಿದ ಒಂದು ಚೀಲ ಇರುತ್ತಿತ್ತು. ಹರಿದ ಚೀಲಗಳಿಂದ ಸೋರಿದ್ದು, ನೆಲ ಗುಡಿಸಿ ಬಳಿದದ್ದು, ಹಳೆಯ ಮಾಲಿನ ತಳ, ಎಲ್ಲ ಅದರೊಳಗೆ. ಮಳೆಗಾಲದ ಥಂಡಿ ಕುಡಿದು ಅದು ಹೆಂಟೆಗಟ್ಟುತ್ತಿತ್ತು. ಹೆಂಟೆಯನ್ನು ಒಡೆದು ಜರಡಿಯಲ್ಲಿ ಸಾಣಿಸಿದರೆ ನೋಡಲು ಹೊಸದರಂತೆಯೇ ನುಣ್ಣಗಾಗುತ್ತದೆ, ಆದರೆ ಅದರ ಜೀವ ಹೋಗಿರುತ್ತದೆ. ಈ ಚೀಲವನ್ನು ಮೊದಲು ಇಟ್ಟವನು ದತ್ತಾತ್ರೇಯನ ತಂದೆ. ಬಿಡಿ ಒಯ್ಯುವವರು ಅದರಿಂದ ಮಹಲು ಕಟ್ಟುತ್ತಾರೇನು, ಇಲಿಯ ತೂತು ಮುಚ್ಚುತ್ತಾರೆ, ಅಷ್ಟಕ್ಕೆ ಹೊಸ ಚೀಲದ ಬಾಯಿ ಯಾಕೆ ಬಿಚ್ಚಬೇಕು ಎನ್ನುವುದು ಅವನ ಲೆಕ್ಕಾಚಾರ. ಮಗನೂ ಅದನ್ನೇ ನಡೆಸಿಕೊಂಡು ಬಂದ. ಮೋಸ ಮಾಡುತ್ತಿದ್ದೇನೆ ಎಂದು ಒಂದು ದಿನವೂ ಅವನಿಗೆ ಅನಿಸಿರಲಿಲ್ಲ.

ಒಂದು ದಿನ ಗಿರಮಲ್ಲಪ್ಪ ಚೀಲ ಬಿಡಿಸದೆ ನಿಂತ. ಅವನ ಮಗಳು ಪೂರ್ಣಿಮಾ ಇನ್ನೂ ಹುಟ್ಟಿರಲಿಲ್ಲ ಆಗ.

"ಪಂತರ, ತಪ್ಪ ತಿಳಕೋಬ್ಯಾಡ್ರಿ. ಹಚ್ಚಿದ್ದು ಹದಿನೈದ ದಿನಕ್ಕ ಉದರತೈತಿ. ಸಿಮೆಂಟ್ ಏನರ ಹಳೇದು…"

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ದತ್ತಾತ್ರೇಯ ತಕ್ಕಡಿಯಿಂದ ಕಣ್ಣೆತ್ತದೆ ನಕ್ಕ. "ಸಿಮೆಂಟ್ ಎಲ್ಲಾರಿಗೂ ಒಂದ ಅದನೋ ಗಿರಮಲ್ಲಪ್ಪ. ಮಂದಿ ಇದರಾಗ ಮನಿ ಕಟ್ಟ್ಯಾರ. ಕೈಗುಣ ಬೇಕಪಾ, ಕೈಗುಣ."

ಆ ಇಬ್ಬರೂ ನಕ್ಕರು. ಗಿರಮಲ್ಲಪ್ಪನೂ ನಕ್ಕ. ನಗುತ್ತಲೇ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಮುಂದಿನ ಸಲ ಬಂದಾಗ ಹೇಳಿದ್ದು: "ನಿಮ್ಮ ಕೈಲೇನ ತೂಗಿ ಕೊಡ್ರಿ, ಪಂತರ. ನಿಮ್ಮ ಕೈ ಛಲೋ ಐತಿ." ಅಲ್ಲಿಂದ ಸಾಯುವತನಕ ಆ ಮಾತು ತಪ್ಪಲಿಲ್ಲ.

* * *

"ಪಂತರ, ನಿಮ್ಮ ಅಂಗಡ್ಯಾಗಿಂದ ಒಂದೀಟ ಸಿಮೆಂಟ್ ತರತೀರೇನ್ರಿ?" ಮುರಗೆಪ್ಪ ಬಾಗಿಲಿಗೆ ಬಂದು ಕೇಳಿದ. "ಒಂದ ಕಟಗೀ ಗೂಟ ಇಟ್ಟ ಸುತ್ತೆಲ್ಲಾ ಮೆತ್ತೂಣು. ಹೊತ್ತ ಏರೂದ್ರಾಗ ಹಿಡೀತೈತಿ."

ದತ್ತಾತ್ರೇಯ ಸ್ಕೂಟರ್ ಹತ್ತಿದ. ದಾರಿಯುದ್ದಕ್ಕೂ ತನಗೆ ತಾನೇ ಒಂದು ಮಾತು ಹೇಳಿಕೊಂಡ. ಕಲ್ಲು ಮಣ್ಣಿನ ಹಳೆಯ ಗೋಡೆ ಅದು. ಮಣ್ಣಿನ ಮೇಲೆ ಯಾವ ಸಿಮೆಂಟೂ ನಿಲ್ಲುವುದಿಲ್ಲ. ಹೊಸದು ಕೊಟ್ಟಿದ್ದರೂ ಇಷ್ಟೇ ಆಗುತ್ತಿತ್ತು. ಹಾಗೆ ಹೇಳಿಕೊಂಡಾಗ ಎದೆ ಸ್ವಲ್ಪ ಹಗುರಾಯಿತು.

ಅರ್ಧ ಶಟರ್ ಎತ್ತಿ ಒಳಗೆ ಹೋದ. ಕತ್ತಲಲ್ಲಿ ಕೈ ತನ್ನಷ್ಟಕ್ಕೆ ಹಿಂದಿನ ಮೂಲೆಗೆ ಹೋಯಿತು. ಬಿಡಿ ಚೀಲದೊಳಗೆ ಡಬ್ಬಿ ಮುಳುಗಿಸಿದ ಮೇಲೆಯೇ ಏನು ಮಾಡುತ್ತಿದ್ದೇನೆ ಎಂದು ಅರಿವಾಗಿ, ಬಿಸಿ ತಗಲಿದವನಂತೆ ಹಿಂದಕ್ಕೆ ಎಳೆದುಕೊಂಡ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಒಟ್ಟಿದ್ದ ಥಪ್ಪಿಯ ಮೇಲಿನ ಹೊಸ ಚೀಲವನ್ನು ಕೆಳಗೆ ಕೆಡವಿ, ಚಾಕುವಿನಿಂದ ಸೀಳಿದ. ಬಿಡಿ ಗಿರಾಕಿಯೊಬ್ಬನಿಗಾಗಿ ಆ ಅಂಗಡಿಯಲ್ಲಿ ಹೊಸ ಚೀಲದ ಬಾಯಿ ಬಿಚ್ಚಿದ್ದು ಅದೇ ಮೊದಲು.

ಉಸುಕು ಕಲಸಿ, ಗೋಡೆಯ ತೂತು ತೊಯ್ಸಿ, ಗೂಟ ಇಟ್ಟು ಮೆತ್ತುವ ಕೆಲಸವನ್ನು ದತ್ತಾತ್ರೇಯನೇ ಮಾಡಿದ. ಕರಣೆ ಇರಲಿಲ್ಲ. ಗುರುಬಾಯಿ ಒಂದು ತುದಿ ಸವೆದ ಸ್ಟೀಲ್ ಚಮಚ ತಂದುಕೊಟ್ಟಳು. "ಇದರೀಂದನ ಹಚ್ಚತಿದ್ರು," ಎಂದಳು.

"ಇದು ಹಿಡಿಯೂತನಕ ಹೊತ್ತಾಗತದ," ಎಂದ ದತ್ತಾತ್ರೇಯ. "ಅಲ್ಲೀತನಕ ನಾ ಹಿಡಕೊಂಡ ಕೂಡತೇನಿ."

ಅಯ್ಯನವರು ಅವನ ಮುಖ ನೋಡಿದರು. "ನೀವು? ಮುಟ್ಟಿದ್ರ ನಿಮ್ಮಲ್ಲಿ ಜಳಕಾ ಮಾಡಬೇಕಲ್ರಿ."

"ಮಾಡತೇನಿ."

ಗಿರಮಲ್ಲಪ್ಪನನ್ನು ಎತ್ತಿ ಗೋಡೆಗೆ ಆನಿಸಿದರು. ಹಣೆಗೆ ವಿಭೂತಿ, ತಲೆಗೆ ರುಮಾಲು, ಎಡ ಅಂಗೈಯಲ್ಲಿ ಲಿಂಗ. ದತ್ತಾತ್ರೇಯ ಪಕ್ಕದಲ್ಲಿ ಕೂತು, ಬೆನ್ನಿನ ಹಿಂದೆ ತೋಳು ತೂರಿಸಿ ಆಚೆಯ ಭುಜವನ್ನು ಹಿಡಿದ. ತಲೆ ಮುಂದಕ್ಕೆ ವಾಲಿದಾಗ ಇನ್ನೊಂದು ಕೈಯಿಂದ ಗದ್ದ ಎತ್ತಿದ. ಮೂವತ್ತು ವರ್ಷ ಗಲ್ಲೆಯ ಆಚೆ ಈಚೆ ನಿಂತವರು, ಒಬ್ಬರನ್ನೊಬ್ಬರು ಮುಟ್ಟಿದ್ದು ಇದೇ ಮೊದಲ ಸಲ.

ಭಜನೆಯವರು ಬಂದರು. ಜನ ಬಂದು ಕೈ ಮುಗಿದು ಹೋಗತೊಡಗಿದರು. ಹೋಗುವವರೆಲ್ಲ ದತ್ತಾತ್ರೇಯನಿಗೂ ಒಂದು ಕೈ ಮುಗಿದರು.

"ಎಂಥಾ ಮನಷ್ಯಾ ನೋಡ್ರಿ ಪಂತರು," ಎಂದು ಹೊರಗೆ ಯಾರೋ ಹೇಳುವುದು ಕೇಳಿಸಿತು. "ಪಾವಕಿಲೋ ಗಿರಾಕಿಗೆ ಇಷ್ಟ ಮಾಡವ್ರು ಯಾರದಾರ ಈಗ?"

ದತ್ತಾತ್ರೇಯ ತಲೆ ತಗ್ಗಿಸಿದ. ಎದುರಿಗೇ ಗಿರಮಲ್ಲಪ್ಪನ ಬಲಗೈ ತೊಡೆಯ ಮೇಲೆ ಬಿದ್ದಿತ್ತು. ನೂಲು ಕೊಯ್ದ ಗೆರೆಗಳು, ಸಿಮೆಂಟು ತಿಂದು ಬಿರುಕುಬಿಟ್ಟ ಬೆರಳತುದಿಗಳು. ದುಡಿದ ಕೈ, ಅಷ್ಟೇ. ಅದರಲ್ಲಿ ಯಾವ ದೋಷವೂ ಇರಲಿಲ್ಲ.

* * *

ಪೂರ್ಣಿಮಾ ಹುಟ್ಟಿ ಹನ್ನೆರಡನೆಯ ದಿನ ಗಿರಮಲ್ಲಪ್ಪ ಅಂಗಡಿಗೆ ಬಂದು ಎರಡು ಕಬ್ಬಿಣದ ಕೊಂಡಿ ಕೇಳಿದ್ದ.

"ತೊಟ್ಲಕ್ಕೇನೋ? ಭಾರೀ ಆತು. ಪೇಢೆ ಎಲ್ಲಿ?"

ಗಿರಮಲ್ಲಪ್ಪ ಪೇಢೆಯ ಪೊಟ್ಟಣ ಕೊಟ್ಟ. ಕೊಂಡಿಗಳನ್ನು ಮಾತ್ರ ಕೈಗೆ ತೆಗೆದುಕೊಳ್ಳಲಿಲ್ಲ. ಚೀಲದ ಬಾಯಿ ಅಗಲಿಸಿ ಹಿಡಿದ. "ಇದರಾಗ ಹಾಕಿಬಿಡ್ರಿ. ಮುರಗೆಪ್ಪ ಜಂತಿಗೆ ಬಡೀತಾನ."

"ಯಾಕ? ನಿನ್ನ ಮಗಳ ತೊಟ್ಲಾ ನೀನ ಕಟ್ಟಬೇಕಪಾ."

"ಬ್ಯಾಡ್ರಿ, ಪಂತರ. ಗ್ವಾಡ್ಯಾಗಿಂದ ಉದುರಿದ್ರ ಮತ್ತ ಹಚ್ಚಬೌದು. ಇದು ಕೂಸಿನ ಮಾತು." ಅವನು ನಗುತ್ತಿರಲಿಲ್ಲ. "ನನ್ನ ಕೈ ನಿಮಗ ಗೊತ್ತೈತೆಲ್ಲ."

ಆ ಕ್ಷಣಕ್ಕೆ ದತ್ತಾತ್ರೇಯ ನಿಜ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಒಬ್ಬ ಗುತ್ತಿಗೆದಾರ ಮೋಟಾರ್ ಸೈಕಲ್ ನಿಲ್ಲಿಸಿ, ಇಪ್ಪತ್ತು ಚೀಲ ಎಂದು ಕೂಗಿದ. ದತ್ತಾತ್ರೇಯ ಅತ್ತ ತಿರುಗಿದ. ತಿರುಗಿ ನೋಡಿದಾಗ ಗಿರಮಲ್ಲಪ್ಪ ರಸ್ತೆ ದಾಟುತ್ತಿದ್ದ, ಚೀಲವನ್ನು ಮೈಯಿಂದ ದೂರ ಹಿಡಿದುಕೊಂಡು.

ಆಮೇಲೆ ಅವನು ಹೊಸ ಸೀರೆಯ ಮೊದಲ ಎಳೆಯನ್ನೂ ತಾನು ಹಾಕುತ್ತಿರಲಿಲ್ಲವಂತೆ, ಮುರಗೆಪ್ಪನನ್ನು ಕರೆಯುತ್ತಿದ್ದನಂತೆ. ತುಳಸಿ ನೆಡಲಿಲ್ಲ. ಮಗಳ ಮದುವೆಯ ಹಂದರಕ್ಕೆ ಕಂಬ ನೆಡುವಾಗ ಹೊರಗೆ ಹೋಗಿ ನಿಂತನಂತೆ. ಇದೆಲ್ಲ ಒಂದೊಂದಾಗಿ ಅಂಗಡಿಯ ಗಲ್ಲೆಗೆ ಬಂದು ಮುಟ್ಟುತ್ತಿತ್ತು. ಗೋಡೆಗೆ ಮಾತ್ರ ಅವನೇ ಹಚ್ಚುತ್ತಿದ್ದ, ಯಾಕೆಂದರೆ ಗೋಡೆ ಅದಾಗಲೇ ಕೆಟ್ಟಿತ್ತು.

* * *

ಮೂರರ ಹೊತ್ತಿಗೆ ಪೂರ್ಣಿಮಾ ಬಂದಳು. ಇಚಲಕರಂಜಿಗೆ ಕೊಟ್ಟ ಮಗಳು, ತೇರದಾಳದಲ್ಲಿ ಬಸ್ಸು ಬದಲಿಸಿ, ಬಿಸಿಲಲ್ಲಿ ಓಡುತ್ತ ಬಂದು ಹೊಸ್ತಿಲಲ್ಲೇ ಕುಸಿದಳು. ಭಜನೆ ನಿಂತಿತು. ಅವಳು ಅಪ್ಪನ ಕಾಲಿನ ಮೇಲೆ ತಲೆಯಿಟ್ಟು ಎಳೆದು ಎಳೆದು ಅತ್ತಳು.

"ಯಪ್ಪಾ, ನನ್ನ ತೊಟ್ಲಾ ಮುಟ್ಟಲಿಲ್ಲಲ್ಲೋ… ನನ್ನ ಮಗನ ತೊಟ್ಲಕ್ಕೂ ಕೈ ಹಚ್ಚಲಿಲ್ಲಲ್ಲೋ… ನನ್ನ ಕೈ ಸುಮಾರ ಐತೆವ್ವಾ ಅಂದು ದೂರ ನಿಂತೆಲ್ಲೋ ಯಪ್ಪಾ…"

ಅಳುತ್ತ ಅವಳು ಅಪ್ಪನ ಬಲಗೈಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಳ್ಳಲು ನೋಡಿದಳು. ಮೈ ಸೆಟೆದಿತ್ತು. ಕೈ ಮೇಲೆ ಬರಲಿಲ್ಲ. ಕೊನೆಗೆ ತಾನೇ ಬಗ್ಗಿ, ತಲೆಯನ್ನು ಆ ಅಂಗೈಯ ಕೆಳಗೆ ತಂದಳು. ನೋಡಿದ ಹೆಂಗಸರೆಲ್ಲ ಗೊಳೋ ಎಂದರು.

ಸೆಟೆದ ಮೈ ಈಗ ತನ್ನಷ್ಟಕ್ಕೇ ಕೂತಿತ್ತು. ಹಿಡಿಯುವ ಅಗತ್ಯ ಯಾವಾಗಲೋ ಮುಗಿದಿತ್ತು. ದತ್ತಾತ್ರೇಯನ ತೋಳು ಮರಗಟ್ಟಿ ಹೋಗಿತ್ತು. ಆದರೂ ತೆಗೆಯಲಾಗಲಿಲ್ಲ. ಮತ್ತೆ ತಾಳ ಶುರುವಾದ ಕೂಡಲೆ ಗಿರಮಲ್ಲಪ್ಪನ ಕಿವಿಯ ಹತ್ತಿರ ಬಾಯಿ ಒಯ್ದ.

"ಗಿರಮಲ್ಲಪ್ಪ, ನಿನ್ನ ಕೈಗೆ ಏನೂ ಆಗಿದ್ದಿಲ್ಲೋ. ಸಿಮೆಂಟ್ ಸತ್ತಿತ್ತು. ನನಗ ಗೊತ್ತಿತ್ತು. ಮೊದಲನೇ ದಿನದಿಂದ ಗೊತ್ತಿತ್ತು."

ತಣ್ಣನೆಯ ಕಿವಿ. ವಿಭೂತಿಯ ವಾಸನೆ. ತಲೆಯ ಮೇಲಿನಿಂದ ಹಸಿ ಸಿಮೆಂಟಿನ ವಾಸನೆ. ಇನ್ನೊಮ್ಮೆ ಹೇಳಿದ. ಮತ್ತೊಮ್ಮೆ ಹೇಳಿದ. ಎದುರಿಗೆ ಕೂತಿದ್ದ ಮುರಗೆಪ್ಪ ಪಕ್ಕದವನ ಮೊಣಕೈ ತಿವಿದ. "ನೋಡಲೇ, ಪಂತರು ಕಿವ್ಯಾಗ ಮಂತ್ರಾ ಹೇಳಾಕತ್ತಾರ." ಇಬ್ಬರೂ ಕೈ ಮುಗಿದರು.

ಐದು ಗಂಟೆಗೆ ಹೂವಿನ ವಿಮಾನ ಬಂತು. ಗಿರಮಲ್ಲಪ್ಪನನ್ನು ಕೂತಂತೆಯೇ ಎತ್ತಿ ಅದರಲ್ಲಿ ಕೂಡಿಸಿದರು. ಅರ್ಧ ಹಸಿರು, ಅರ್ಧ ನೀಲಿ ಬಾಗಿಲನ್ನು ದಾಟಿಸುವಾಗ ವಿಮಾನದ ಅಂಚು ತಗಲಿ ಚೌಕಟ್ಟಿನ ಮೇಲಿಂದ ಇನ್ನೊಂದಿಷ್ಟು ಗಿಲಾವು ಉದುರಿತು. ಹೊತ್ತವರು ಕಣ್ಣು ಮುಚ್ಚಿ ಮುಂದೆ ನಡೆದರು.

* * *

ಮಣ್ಣು ಕೊಟ್ಟು ಬಂದವರು ಮನೆಗೆ ತಿರುಗಿ ಬಂದು, ಕಾಲು ತೊಳೆದು, ಸತ್ತವನು ಕೂತಿದ್ದ ಜಾಗದಲ್ಲಿಟ್ಟ ದೀಪ ನೋಡಿ ಹೋಗಬೇಕು. ಒಬ್ಬೊಬ್ಬರಾಗಿ ನೋಡಿ ಹೋದರು. ದತ್ತಾತ್ರೇಯ ಎಲ್ಲರೂ ಹೋಗುವತನಕ ಕಟ್ಟೆಯ ಬದಿಗೆ ನಿಂತಿದ್ದ. ಇವತ್ತು ಹೇಳಲೇಬೇಕು ಎಂದು ನಿರ್ಧರಿಸಿದ್ದ. ಸತ್ತವನ ಕಿವಿಯಲ್ಲಿ ಹೇಳಿದ್ದು ಹೇಳಿದಂತಲ್ಲ. ಬದುಕಿದ್ದವರಿಗೆ ಹೇಳಬೇಕು, ಆ ಮಗಳಿಗೆ, ಆ ಹೆಂಡತಿಗೆ. ಅವರು ಮುಖಕ್ಕೆ ಉಗುಳಲಿ.

ಒಳಗೆ ಪೂರ್ಣಿಮಾ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಗುರುಬಾಯಿ ಬರಿಗೈಯಲ್ಲಿ, ಬರಿಹಣೆಯಲ್ಲಿ ನಿಂತು, ತಂಬಿಗೆಯಿಂದ ನೀರು ತೆಗೆದು ತೆಗೆದು ಗೋಡೆಯ ಹೊಸ ತೇಪೆಯ ಮೇಲೆ ಚಿಮುಕಿಸುತ್ತಿದ್ದಳು.

"ಹಿಂಗ ಮಾಡತಿದ್ರು ಅವರು," ಎಂದಳು, ತಿರುಗದೆ. "ಹಚ್ಚಿದ್ದಕ್ಕ ಮೂರ ದಿನ ನೀರ ಹಾಕಬೇಕಂತ. ರಾತ್ರಿ ಎದ್ದೂ ಹಾಕತಿದ್ರು."

"ಗುರುಬಾಯಿ ಅಕ್ಕಾ, ಒಂದ ಮಾತದ. ಸಿಮೆಂಟಿಂದು…"

ಗುರುಬಾಯಿ ತಂಬಿಗೆ ಕೆಳಗಿಟ್ಟಳು. ಎರಡೂ ಕೈಯಿಂದ ಗೂಟ ಹಿಡಿದು ಜಗ್ಗಿದಳು. ಮೊದಲು ಮೆಲ್ಲಗೆ, ಆಮೇಲೆ ಮೈಭಾರ ಬಿಟ್ಟು. ಗೂಟ ಅಲುಗಲಿಲ್ಲ. ಒಂದು ಚಿಟಿಕೆ ಪುಡಿಯೂ ಉದುರಲಿಲ್ಲ. ದತ್ತಾತ್ರೇಯ ನೋಡುತ್ತ ನಿಂತ. ಬೆಳಿಗ್ಗೆ ಸ್ಕೂಟರ್ ಮೇಲೆ ಹೇಳಿಕೊಂಡ ಮಾತು ಅಲ್ಲಿಗೇ ಸುಳ್ಳಾಯಿತು.

"ಹೆಂಗ ಕುಂತೈತಿ ನೋಡ್ರಿ." ಅವಳ ಕಣ್ಣು ತುಂಬಿ ಬಂತು. "ಅದ ಗ್ವಾಡಿ, ಅದ ಚಮಚಾ, ನಿಮ್ಮ ಅಂಗಡೀದ ಸಿಮೆಂಟ್. ಅವರು ಜನ್ಮಾ ತೇದರು, ಒಂದೂ ನಿಲ್ಲಲಿಲ್ಲ. ನೀವು ಒಮ್ಮಿ ಹಚ್ಚಿದ್ರಿ. ಕೈಗುಣ ಅಂದ್ರ ನಿಮ್ಮದು, ಪಂತರ. ಖರೇನ ಹೇಳತಿದ್ರು ಅವರು."

"ಕೈಗುಣ ಅಲ್ಲಕ್ಕಾ. ಅದು…"

"ಇರಲಿ ಬಿಡ್ರಿ. ದೊಡ್ಡವರು, ನೀವು ಹಂಗ ಅನ್ನವರ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವರ ದಿನಾ ಮಾಡಿದ ಮ್ಯಾಲ ಒಂದ ಸಲ ಬರ್ರಿ. ಅಡಗೀ ಮನಿ ಗ್ವಾಡಿ ಬೀಳಾಕ ಬಂದೈತಿ. ಪಾವಕಿಲೋ ತಂದ ನಿಮ್ಮ ಕೈಲೇನ ಹಚ್ಚಿ ಹೋಗ್ರಿ. ನಾವಿಬ್ರೂ ಮುಟ್ಟೂದಿಲ್ಲ. ಇಕೀಗೂ ಅವರಪ್ಪನ ಕೈನ ಬಂದೈತಿ."

ಪೂರ್ಣಿಮಾ ಕಣ್ಣು ತೆರೆದು, ಮಡಿಲಲ್ಲಿದ್ದ ತನ್ನ ಅಂಗೈಗಳನ್ನು ನೋಡಿ, ಮತ್ತೆ ಸೆರಗಿನೊಳಗೆ ಮುಚ್ಚಿಕೊಂಡಳು.

ದತ್ತಾತ್ರೇಯನ ಬಾಯಿ ತೆರೆದೇ ಇತ್ತು. ಅದರಿಂದ "ಬರತೇನಿ" ಎಂಬ ಒಂದು ಮಾತು ಮಾತ್ರ ಹೊರಬಂತು.

ಗುರುಬಾಯಿ ಬಾಗಿಲ ಹಿಂದಿನಿಂದ ಗಂಡನ ಚೀಲ ತಂದಳು. ಸೀರೆಯ ಕೊನೆತುಂಡಿನ ಚೀಲ, ತಳವೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಅದನ್ನು ಹೊಸ ಗೂಟಕ್ಕೆ ತೂಗುಹಾಕಿ ಎರಡು ಹೆಜ್ಜೆ ಹಿಂದೆ ಸರಿದಳು. ಚೀಲ ಸ್ವಲ್ಪ ಹೊತ್ತು ತೂಗಿ ನಿಂತಿತು. ಅದರ ಮೂಲೆಯಿಂದ ಸಣ್ಣಗೆ ಸಾಣಿಸಿದ ಸಿಮೆಂಟಿನ ಪುಡಿ ಸುರಿಯತೊಡಗಿತು, ಕೆಳಗೆ ಗಿರಮಲ್ಲಪ್ಪ ಕೂತಿದ್ದ ಜಾಗದಲ್ಲಿ ಉರಿಯುತ್ತಿದ್ದ ದೀಪದ ಸುತ್ತ.